ಕಣ್ಣು ಶರೀರದ್ದು, ಹಲ್ಲು ಯಾರದ್ದು?

ಒಂದೇ ಮನೆ, ಒಂದೇ ಪಾಲಿಸಿ, ಒಂದೇ ವರ್ಷ. ನನ್ನ ಅಕ್ಕನ ಬಲಗಣ್ಣಿನ ಪೊರೆ ತೆಗೆದು ಕೃತಕ ಮಸೂರ ಕೂರಿಸಿದ ವೆಚ್ಚವನ್ನು ವಿಮಾ ಕಂಪನಿ ಪಾಲಿಸಿಯ ಮಿತಿಯೊಳಗೆ ಮರುಮಾತಿಲ್ಲದೆ ಭರಿಸಿತು. ಐದು ತಿಂಗಳ ಬಳಿಕ ಭಾವನವರ ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಕೂರಿಸಿದ 96,000 ರೂಪಾಯಿಯ ಬಿಲ್ಲನ್ನು ಅದೇ ಕಂಪನಿ ಒಂದು ಸಾಲಿನ ಪತ್ರದೊಡನೆ ಹಿಂದಿರುಗಿಸಿತು. ದಂತಚಿಕಿತ್ಸೆ ಪಾಲಿಸಿಯ ವ್ಯಾಪ್ತಿಗೆ ಸೇರುವುದಿಲ್ಲ ಎಂಬುದಷ್ಟೇ ಆ ಪತ್ರದ ಸಾರ.

ನಿಪ್ಪಾಣಿಯ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನಲವತ್ತು ವರ್ಷ ಕಳೆದ ಭಾವನವರು ದೂರುವ ಸ್ವಭಾವದವರಲ್ಲ. ಹದಿನಾಲ್ಕು ವರ್ಷ ಒಂದು ಕಂತನ್ನೂ ತಪ್ಪಿಸದೆ ಪ್ರೀಮಿಯಂ ಕಟ್ಟಿದವರು. ಆ ಪತ್ರವನ್ನು ಮಡಚಿ ಕಡತದಲ್ಲಿಟ್ಟು, "ಕಣ್ಣು ಶರೀರಕ್ಕೆ ಸೇರಿದ್ದು, ಹಲ್ಲು ಸೇರಿದ್ದಲ್ಲವೇನೋ" ಎಂದು ನಕ್ಕರು. ಆ ನಗೆಯಲ್ಲಿದ್ದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಂಪ್ಲಾಂಟ್ ಹಾಕಿಸುವ ಮುನ್ನ ಎರಡು ವರ್ಷ ಅವರು ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡುವ ಅವರ ಪಾಲಿಗೆ ದಿನದ ಆ ಒಂದೇ ಊಟವೂ ಗಂಜಿಯಾಗಿತ್ತು. ಹಲ್ಲಿಲ್ಲದವರಿಗೆ ಸಾಮಾನ್ಯವಾಗಿ ಹೇಳುವ ಮೆತ್ತನೆಯ ಆಹಾರವೆಂದರೆ ಬೇಯಿಸಿದ ಆಲೂಗಡ್ಡೆ, ಗೆಣಸು, ಗಜ್ಜರಿ. ಕಂದಮೂಲ ವರ್ಜಿಸಿದವರಿಗೆ ಆ ದಾರಿಯೂ ಇಲ್ಲ. ಕೊನೆಕೊನೆಗೆ ಸಮಾಜದ ವಾತ್ಸಲ್ಯ ಭೋಜನಕ್ಕೂ ಅವರು ಬರುವುದನ್ನು ಬಿಟ್ಟರು. ಪಂಕ್ತಿಯವರೆಲ್ಲ ಎದ್ದ ಮೇಲೂ ತಾನೊಬ್ಬನೇ ಅಗಿಯುತ್ತ ಕೂರುವುದು ಮುಜುಗರವೆಂದು ಅಕ್ಕ ಆಮೇಲೆ ಹೇಳಿದಳು.

ಒಬ್ಬ ಗೃಹಸ್ಥರ ಸಂಗತಿಯನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನೆಲೆಸಿದ ನಮ್ಮ ಕನ್ನಡ ಜೈನ ಕುಟುಂಬಗಳಲ್ಲಿ ನಿವೃತ್ತಿಯ ಅಂಚಿನಲ್ಲಿರುವವರು ಈಗ ಬಹಳ. ಅವರ ಕೈಯಲ್ಲಿ ಪಾಲಿಸಿ ಇದೆ. ಆದರೆ ಬಾಯಿಯ ಮಟ್ಟಿಗೆ ಅದು ಇದ್ದೂ ಇಲ್ಲದಂತೆ. ಈ ಅನ್ಯಾಯ ಎಲ್ಲಿಂದ ಬಂತು, ಅದರಲ್ಲಿ ನಮ್ಮ ಪಾಲೆಷ್ಟು, ಏನು ಮಾಡಬಹುದು ಎಂಬುದು ಈ ಲೇಖನದ ವಿಷಯ.

ಷರತ್ತು ಹೇಳುವುದೇನು

ಮೊದಲಿಗೆ ಒಂದು ಮಾತನ್ನು ಒಪ್ಪಬೇಕು. ಕಂಪನಿ ಭಾವನವರಿಗೆ ಮೋಸ ಮಾಡಲಿಲ್ಲ. ನಮ್ಮ ದೇಶದ ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆವಾಸದ ವಿಮೆ. ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು, ಇಲ್ಲವೇ ಚಿಕಿತ್ಸೆ ಡೇ-ಕೇರ್ ಎಂಬ ವರ್ಗಕ್ಕೆ ಸೇರಿರಬೇಕು. ಹಿಂದೆ ಆಸ್ಪತ್ರೆಯಲ್ಲಿ ದಿನಗಟ್ಟಲೆ ಮಲಗಬೇಕಾಗಿದ್ದು, ತಂತ್ರಜ್ಞಾನದ ದೆಸೆಯಿಂದ ಈಗ ಕೆಲವೇ ಗಂಟೆಗಳಲ್ಲಿ ಮುಗಿಯುವ ಚಿಕಿತ್ಸೆಗಳು ಡೇ-ಕೇರ್ ಎನಿಸುತ್ತವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಈ ಬಾಗಿಲಿನಿಂದ ಒಳಬಂತು. ದಂತವೈದ್ಯರ ಕುರ್ಚಿಯಲ್ಲಿ ನಡೆಯುವುದೆಲ್ಲ ಹೊರರೋಗಿ ಚಿಕಿತ್ಸೆಯೆಂದು ಹೊರಗುಳಿಯಿತು. ಬಹುಪಾಲು ಪಾಲಿಸಿಗಳಲ್ಲಿ ದಂತಚಿಕಿತ್ಸೆಗೆ ಇರುವ ವಿನಾಯಿತಿ ಒಂದೇ: ಅಪಘಾತದಿಂದ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ.

2020ರ ಏಪ್ರಿಲಿನಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವಂತೆ ವಿಮಾ ನಿಯಂತ್ರಣ ಪ್ರಾಧಿಕಾರ ಜಾರಿಗೆ ತಂದ ಆರೋಗ್ಯ ಸಂಜೀವಿನಿ ಪಾಲಿಸಿ ಇದಕ್ಕಿಂತ ಸ್ವಲ್ಪ ಉದಾರಿ. ಅದರಲ್ಲಿ ರೋಗದಿಂದಾಗಲಿ ಗಾಯದಿಂದಾಗಲಿ ಅಗತ್ಯವಾದ ದಂತಚಿಕಿತ್ಸೆಯ ಉಲ್ಲೇಖವಿದೆ. ಆದರೆ ಅದೂ ಆಸ್ಪತ್ರೆವಾಸದ ಚೌಕಟ್ಟಿನೊಳಗೇ. ಜೊತೆಗೆ ಪ್ರತಿ ಕ್ಲೇಮಿನಲ್ಲಿ ಶೇ. 5ರಷ್ಟನ್ನು ನಾವೇ ಭರಿಸಬೇಕು. 70 ವರ್ಷ ಮೀರಿದ ಎಲ್ಲರಿಗೂ ಆದಾಯದ ನಿರ್ಬಂಧವಿಲ್ಲದೆ 2024ರಲ್ಲಿ ವಿಸ್ತರಿಸಲಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆಯಿದೆ. ದವಡೆಯ ಮುರಿತ, ಗಡ್ಡೆಗಳಂಥ ಶಸ್ತ್ರಚಿಕಿತ್ಸೆಗಳು ಅದರಲ್ಲಿವೆ. ಉದುರಿದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಕೂರಿಸುವುದು ಅದರ ಉದ್ದೇಶವಲ್ಲ.

ಪ್ರಾಧಿಕಾರದ 2013ರ ಪ್ರಮಾಣೀಕೃತ ವ್ಯಾಖ್ಯೆಗಳಲ್ಲಿ ದಂತಚಿಕಿತ್ಸೆಯೆಂದರೆ ಏನೆಂದು ಹೇಳುವಾಗ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನೂ ಇಂಪ್ಲಾಂಟನ್ನೂ ಒಂದೇ ಉಸಿರಿನಲ್ಲಿ ಹೊರಗಿಡಲಾಗಿತ್ತು. ಮುಂದೆ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿ ಆ ಮಾತು ಇಲ್ಲ. ಆದರೂ ಅಗಿಯುವ ಹಲ್ಲನ್ನು ಅಲಂಕಾರದ ಪಕ್ಕದಲ್ಲಿ ಕೂರಿಸುವ ಮನೋಭಾವ ಉಳಿದುಕೊಂಡಿದೆ.

ಕಂಪನಿಗಳ ವಾದ ತಳ್ಳಿಹಾಕುವಂಥದ್ದಲ್ಲ. ವಿಮೆ ಇರುವುದು ಅನಿರೀಕ್ಷಿತ ಆಪತ್ತಿಗೆ; ಹಲ್ಲು ಹಾಳಾಗುವುದು ನಿಧಾನ, ನಿರೀಕ್ಷಿತ, ಬಹುಮಟ್ಟಿಗೆ ತಡೆಯಬಹುದಾದದ್ದು. ಚಿಕಿತ್ಸೆಯನ್ನು ಮುಂದೂಡಬಹುದು, ಅಗ್ಗದ ಬದಲಿಗಳೂ ಇವೆ. ಹೊರರೋಗಿ ಬಿಲ್ಲುಗಳಲ್ಲಿ ನಿಜ ಸುಳ್ಳು ಪರೀಕ್ಷಿಸುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಹಲ್ಲು ಕೆಟ್ಟವರು ಮಾತ್ರ ದಂತವಿಮೆ ಕೊಂಡರೆ ಕಂತು ಏರುತ್ತಲೇ ಹೋಗಿ ಕೊನೆಗೆ ಯಾರೂ ಕೊಳ್ಳದಂತಾಗುತ್ತದೆ.

ಆದರೆ ಇದೇ ತಕ್ಕಡಿಯಲ್ಲಿ ಕಣ್ಣಿನ ಪೊರೆಯನ್ನಿಟ್ಟು ನೋಡೋಣ. ಅದೂ ನಿಧಾನವಾಗಿ ಬರುತ್ತದೆ. ಮುಪ್ಪಿನಲ್ಲಿ ನಿರೀಕ್ಷಿತವೇ. ತಿಂಗಳುಗಟ್ಟಲೆ ಮುಂದೂಡಬಹುದು. ಅಲ್ಲಿಯೂ ಶರೀರದ ಕೆಟ್ಟ ಭಾಗವನ್ನು ತೆಗೆದು ಮನುಷ್ಯ ನಿರ್ಮಿತ ವಸ್ತುವೊಂದನ್ನು ಒಳಗೆ ಕೂರಿಸುತ್ತಾರೆ. ಹಾಗಿದ್ದೂ ವಿಮಾ ಕಂಪನಿಗಳು ಅದಕ್ಕೆ ದಾರಿ ಕಂಡುಕೊಂಡವು: ಮೊದಲ ಕೆಲವು ವರ್ಷ ಕಾಯಬೇಕು, ಒಂದು ಕಣ್ಣಿಗೆ ಇಷ್ಟೇ ಎಂಬ ಮಿತಿಯಿರಬೇಕು. ಈ ಎರಡು ಬೇಲಿಗಳೊಳಗೆ ಅದು ವರ್ಷಗಳಿಂದ ಸುಸೂತ್ರವಾಗಿ ನಡೆದಿದೆ. ಕಣ್ಣಿಗೆ ಹಾಕಲು ಸಾಧ್ಯವಾದ ಬೇಲಿಯನ್ನು ಹಲ್ಲಿಗೆ ಹಾಕಲು ಏಕೆ ಸಾಧ್ಯವಿಲ್ಲ? ಮಾನಸಿಕ ಕಾಯಿಲೆಗಳ ಉದಾಹರಣೆಯೂ ಇದೆ. ಅವನ್ನು ಹೊರಗಿಡುವುದೇ ವಿಮೆಯ ರೂಢಿಯಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ದೈಹಿಕ ಕಾಯಿಲೆಗಳಿಗೆ ಸಮನಾಗಿ ಅವುಗಳಿಗೂ ವಿಮೆ ನೀಡತಕ್ಕದ್ದೆಂದು ವಿಧಿಸಿತು. ರೂಢಿ ಪ್ರಕೃತಿಯ ನಿಯಮವಲ್ಲ. ಶಾಸನ ಬಯಸಿದರೆ ಬದಲಾಗುತ್ತದೆ.

ಶೃಂಗಾರವೋ, ಸಾಧನವೋ

ಹಲ್ಲನ್ನು ಅಲಂಕಾರವೆಂದು ಬಗೆದವರು ವಿಮಾ ಕಂಪನಿಯವರಷ್ಟೇ ಎಂದು ಹೇಳಿ ಕೈತೊಳೆದುಕೊಂಡರೆ ಆತ್ಮವಂಚನೆಯಾದೀತು. "ಈ ವಯಸ್ಸಿನಲ್ಲಿ ಇನ್ನು ಯಾತರ ಶೃಂಗಾರ" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳದವರಾರು? ವಿಧವೆಯಾದ ಅತ್ತೆ, ಒಂಟಿಯಾದ ಚಿಕ್ಕಮ್ಮ ಹಲ್ಲು ಕಟ್ಟಿಸಿಕೊಳ್ಳಬೇಕೆಂದರೆ ಮನೆಯವರು ಹೇಳುವ ಮೊದಲೇ ತಾವೇ ಈ ಮಾತನ್ನು ಹೇಳಿ ಸುಮ್ಮನಾಗುತ್ತಾರೆ. ಅದನ್ನು ನಾವು ವೈರಾಗ್ಯವೆಂದು ಮೆಚ್ಚುತ್ತೇವೆ. ಅನೇಕ ಸಲ ಅದು ವೈರಾಗ್ಯವಲ್ಲ. ಮಕ್ಕಳ ಮುಂದೆ ಹಣ ಕೇಳಲಾರದ ಸಂಕೋಚ.

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು. ದೇಹಸಂಸ್ಕಾರದ ಮೋಹವನ್ನು ಬಿಟ್ಟವರ ವ್ರತವದು. ಕೇಶಲೋಚ, ಅಸ್ನಾನ, ಏಕಭುಕ್ತಗಳ ಜೊತೆಗೆ ಒಂದು ಸಮಗ್ರ ತಪಸ್ಸಿನ ಅಂಗವಾಗಿ ಅದಕ್ಕೆ ಅರ್ಥವಿದೆ. ಅದನ್ನು ವಂದಿಸುತ್ತೇನೆ. ಆದರೆ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ, ಸಿಹಿ ತಿನ್ನುವ, ಮಧುಮೇಹದ ಮಾತ್ರೆ ನುಂಗುವ ಶ್ರಾವಕ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಹಲ್ಲುಜ್ಜದೆ ಇದ್ದರೆ ಅದು ಮುನಿಧರ್ಮದ ಅನುಕರಣೆಯೂ ಆಗುವುದಿಲ್ಲ, ಗೃಹಸ್ಥಧರ್ಮದ ಪಾಲನೆಯೂ ಆಗುವುದಿಲ್ಲ. ಉಪವಾಸದ ದಿನ ಪೇಸ್ಟು ಬೇಡವೆನ್ನುವವರು ಬರಿಯ ಬ್ರಷ್ಷಿನಿಂದ, ಸೋಸಿ ಕಾಯಿಸಿದ ನೀರಿನಿಂದ ಬಾಯಿ ಶುಚಿಮಾಡಿಕೊಳ್ಳಬಹುದು. ಅಣುವ್ರತಿಗೂ ಮಹಾವ್ರತಿಗೂ ಇರುವ ಅಂತರವನ್ನು ಆಚಾರ್ಯರು ಸುಮ್ಮನೆ ಹೇಳಲಿಲ್ಲ.

ಸಲ್ಲೇಖನೆಯ ವಿಚಾರದಲ್ಲಿಯೂ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಪ್ರತೀಕಾರವಿಲ್ಲದ ಸ್ಥಿತಿಯನ್ನೇ ಮುಂದಿಡುತ್ತದೆ. ಪ್ರತೀಕಾರವಿರುವ ಕಾಯಿಲೆಗೆ ಚಿಕಿತ್ಸೆ ಪಡೆದು ವ್ರತನಿಯಮಗಳಲ್ಲಿ ಮುಂದುವರಿಯುವುದೇ ಶ್ರಾವಕನ ಮಾರ್ಗ. ಹಲ್ಲಿಲ್ಲದಿರುವುದಕ್ಕೆ ಪ್ರತೀಕಾರವಿದೆ. ಅಗಿಯಲಾರದೆ ಬೇಳೆಕಾಳು ಬಿಟ್ಟು, ಗಂಜಿ ಮತ್ತು ಬಿಸ್ಕತ್ತಿನ ಮೇಲೆ ಬದುಕುವ ಹಿರಿಯರು ಏಕಾಶನದಂಥ ಸಣ್ಣ ನಿಯಮವನ್ನೂ ನಡೆಸಲಾರದೆ ಹೋಗುತ್ತಾರೆ. ಆದ್ದರಿಂದ ಹಲ್ಲು ಶೃಂಗಾರವಲ್ಲ, ಸಾಧನ. ಇದನ್ನು ನಾವು ಮೊದಲು ನಂಬಿದರೆ ಮಾತ್ರ ವಿಮಾ ಕಂಪನಿಗೆ ಹೇಳುವ ಅಧಿಕಾರ ನಮಗೆ ಬರುತ್ತದೆ.

ಬಿಲ್ಲನ್ನು ಓದುವ ಬಗೆ

2001ರ ಜನಗಣತಿಯ ಪ್ರಕಾರ ಶೇ. 94.1ರಷ್ಟು ಸಾಕ್ಷರತೆಯೊಂದಿಗೆ ಜೈನರದು ದೇಶದ ಧಾರ್ಮಿಕ ಸಮುದಾಯಗಳಲ್ಲೇ ಅತ್ಯಂತ ಅಕ್ಷರಸ್ಥ ಸಮುದಾಯ. ಈ ಅಂಕಿಯನ್ನು ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಪಾಲಿಸಿಯ ಕಾಗದವನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ? "ಎಲ್ಲವೂ ಕವರ್ ಆಗುತ್ತದೆ ಕಾಕಾ" ಎಂದ ಪರಿಚಯದ ಏಜೆಂಟನ ಮಾತನ್ನೇ ಭಾವನವರು ನಂಬಿದ್ದರು. ಈಗ ಪ್ರತಿ ಪಾಲಿಸಿಯೊಡನೆ ಗ್ರಾಹಕ ಮಾಹಿತಿ ಪತ್ರವೆಂಬ ಕೆಲವೇ ಪುಟಗಳ ಸಾರಾಂಶವನ್ನು ಕೊಡುವುದು ಕಡ್ಡಾಯ. ಏನು ಒಳಗಿದೆ, ಏನು ಹೊರಗಿದೆ, ಎಷ್ಟು ಕಾಯಬೇಕು ಎಂಬುದು ಅದರಲ್ಲಿರುತ್ತದೆ. ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಹಕ್ಕೂ ಇದೆ.

ದಂತಚಿಕಿತ್ಸೆ ಸೇರಿದೆಯೆಂದು ಹೇಳಿ ಮಾರುವ ಸರಕುಗಳು ಮುಖ್ಯವಾಗಿ ಮೂರು. ಮೊದಲನೆಯದು ಹೊರರೋಗಿ ವೆಚ್ಚದ ಹೆಚ್ಚುವರಿ ಪಾಲಿಸಿ. ಇದರಲ್ಲಿ ತಪಾಸಣೆ, ಎಕ್ಸ್-ರೇ, ಹಲ್ಲು ಕೀಳುವುದು, ತುಂಬುವುದು, ರೂಟ್ ಕೆನಾಲ್ ಇರಬಹುದು. ಕ್ರೌನ್ ಮತ್ತು ಇಂಪ್ಲಾಂಟಿಗೆ ಬಂದಾಗ ಬಾಗಿಲು ಮುಚ್ಚಿರುವುದೇ ಹೆಚ್ಚು. ಆದ್ದರಿಂದ "ದಂತಚಿಕಿತ್ಸೆ ಇದೆಯೇ" ಎಂದು ಕೇಳಿದರೆ ಸಾಲದು. "ಇಂಪ್ಲಾಂಟಿನ ಸ್ಕ್ರೂ, ಅದರ ಮೇಲಿನ ಕ್ರೌನ್, ಮೂಳೆ ಕಸಿ ಮೂರಕ್ಕೂ ಎಷ್ಟೆಷ್ಟು, ಎಷ್ಟು ಕಾಲದ ಬಳಿಕ" ಎಂದು ಕೇಳಿ ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ವರ್ಷದ ಮಿತಿಗಿಂತ ಕಂತೇ ಹೆಚ್ಚು ಭಾರವಾಗುವುದಾದರೆ ಆ ಹಣವನ್ನು ಬ್ಯಾಂಕಿನಲ್ಲಿಡುವುದೇ ಲೇಸು. ಎರಡನೆಯದು ನೌಕರಿಯ ಸಂಸ್ಥೆಯ ಗುಂಪು ವಿಮೆ. ಕೆಲವು ಸಂಸ್ಥೆಗಳು ತಂದೆತಾಯಿಗಳನ್ನೂ ಸೇರಿಸಿ ದಂತಚಿಕಿತ್ಸೆಗೆ ಒಂದು ಮೊತ್ತ ಕೊಡುತ್ತವೆ. ಐಟಿ ಕಂಪನಿಗಳಲ್ಲಿರುವ ಮಕ್ಕಳು ಇದನ್ನು ವಿಚಾರಿಸಬೇಕು. ಮೂರನೆಯದು ದಂತ ಆಸ್ಪತ್ರೆಗಳೇ ಮಾರುವ ಸದಸ್ಯತ್ವದ ಕಾರ್ಡು. ಅದು ರಿಯಾಯಿತಿ ಚೀಟಿಯೇ ಹೊರತು ವಿಮೆಯಲ್ಲ. ಆಸ್ಪತ್ರೆ ಮುಚ್ಚಿದ ದಿನ ಕಾರ್ಡೂ ಮುಗಿಯಿತು.

ಇನ್ನು ಆಸ್ಪತ್ರೆಯ ಬಿಲ್ಲು. ಇಂಪ್ಲಾಂಟ್ ಎಂದರೆ ಒಂದು ವಸ್ತುವಲ್ಲ. ದವಡೆಯ ಮೂಳೆಗೆ ಇಳಿಸುವ ಟೈಟೇನಿಯಂ ಸ್ಕ್ರೂ, ಅದರ ಮೇಲಿನ ಜೋಡಣೆಯ ಭಾಗ, ಕೊನೆಗೆ ಕಾಣುವ ಹಲ್ಲಿನ ಕ್ರೌನ್ ಸೇರಿ ಅದು ಪೂರ್ಣವಾಗುತ್ತದೆ. ಸ್ಕ್ರೂ ಮೂಳೆಯೊಡನೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಮಹಾನಗರಗಳಲ್ಲಿ ಒಂದು ಹಲ್ಲಿಗೆ 25,000ದಿಂದ 60,000 ರೂಪಾಯಿಯವರೆಗೆ ಹೇಳುವುದು ಸಾಮಾನ್ಯ. ಆದರೆ ಜಾಹೀರಾತಿನ ಕಡಿಮೆ ದರ ಎಷ್ಟೋ ಸಲ ಸ್ಕ್ರೂವಿನದು ಮಾತ್ರ. ಸ್ಕ್ಯಾನ್, ಹಳೆಯ ಬೇರು ಕೀಳುವುದು, ಮೂಳೆ ಕಸಿ, ಕ್ರೌನ್ ಇವೆಲ್ಲ ಮುಂದೆ ಒಂದೊಂದಾಗಿ ಸೇರುತ್ತವೆ. ಒಟ್ಟು ಅಂದಾಜನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳದೆ ಕುರ್ಚಿಯ ಮೇಲೆ ಕೂರಬಾರದು. "ಜೀವಮಾನದ ಗ್ಯಾರಂಟಿ" ಎಂದರೂ ಅದು ಹೆಚ್ಚಾಗಿ ಸ್ಕ್ರೂ ತಯಾರಿಸಿದ ಕಂಪನಿಯದು. ಸ್ಕ್ರೂ ಸಡಿಲವಾದರೆ ಹೊಸದು ಬಂದೀತು. ಅದನ್ನು ಕೂರಿಸುವ ಶುಲ್ಕ ಯಾರದೆಂದು ಕೇಳಿಕೊಳ್ಳಬೇಕು. ಮಧುಮೇಹ ಹತೋಟಿಯಲ್ಲಿದೆಯೇ, ಮೂಳೆ ಸವೆತಕ್ಕೆ ಔಷಧ ನಡೆದಿದೆಯೇ ಎಂಬುದನ್ನು ವೈದ್ಯರು ಕೇಳದಿದ್ದರೆ ನಾವೇ ಹೇಳಬೇಕು.

ಸಾಲದ ಬಗ್ಗೆಯೂ ಒಂದು ಎಚ್ಚರ. ಬಡ್ಡಿಯಿಲ್ಲದ ಇಎಂಐ ಎಂಬ ಫಲಕ ಈಗ ದಂತ ಆಸ್ಪತ್ರೆಗಳ ಮುಂಬಾಗಿಲಲ್ಲೇ ಇರುತ್ತದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿ ಬೆಲೆಯಲ್ಲೋ ಶುಲ್ಕದಲ್ಲೋ ಅಡಗಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಚಿಕಿತ್ಸೆ ಆರು ತಿಂಗಳು ನಡೆಯುವಂಥದ್ದು. ಸಾಲದ ಹಣ ಮೊದಲ ದಿನವೇ ಪೂರ್ತಿಯಾಗಿ ಆಸ್ಪತ್ರೆಯ ಖಾತೆಗೆ ಹೋಗಿಬಿಡಬಹುದು. ನಡುವೆ ಆಸ್ಪತ್ರೆ ಮುಚ್ಚಿದರೂ ಚಿಕಿತ್ಸೆ ತೃಪ್ತಿಕರವಾಗದಿದ್ದರೂ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಹಂತಹಂತವಾಗಿ ಹಣ ಕೊಡುವ ವ್ಯವಸ್ಥೆಯನ್ನೇ ಆರಿಸಿಕೊಳ್ಳಬೇಕು. ಯಾವ ಆರೋಗ್ಯ ಪಾಲಿಸಿಯೂ ಇಲ್ಲದ, 60 ದಾಟಿದ ಹಿರಿಯರ ವೈದ್ಯಕೀಯ ವೆಚ್ಚಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000 ರೂಪಾಯಿಯವರೆಗೆ ವಿನಾಯಿತಿಗೆ ಅವಕಾಶವಿದೆ. ಹಣವನ್ನು ನಗದಾಗಿ ಕೊಟ್ಟರೆ ಅದು ಸಿಗದು. ಈ ಕಾರಣಕ್ಕೂ ಚೆಕ್ಕು ಅಥವಾ ಯುಪಿಐ ಮೂಲಕ ಪಾವತಿಸಿ ರಸೀದಿ ಪಡೆಯುವುದು ಒಳ್ಳೆಯದು.

ಎಲ್ಲರಿಗೂ ಇಂಪ್ಲಾಂಟೇ ಬೇಕೆಂದಿಲ್ಲ. ಕೆಳದವಡೆಯ ಎಲ್ಲ ಹಲ್ಲುಗಳನ್ನೂ ಕಳೆದುಕೊಂಡವರಿಗೆ ಎರಡೇ ಇಂಪ್ಲಾಂಟುಗಳ ಮೇಲೆ ಕೂರುವ, ತೆಗೆದಿಡಬಹುದಾದ ಹಲ್ಲಿನ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಅಭಿಪ್ರಾಯಪಟ್ಟಿದ್ದಾರೆ. ಆರೆಂಟು ಇಂಪ್ಲಾಂಟುಗಳ ಅಂದಾಜು ಕೇಳಿ ಎದೆಗುಂದಿದವರು ಈ ನಡುದಾರಿಯನ್ನು ವೈದ್ಯರಲ್ಲಿ ವಿಚಾರಿಸಬಹುದು. ಮುಂಬಯಿಯ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜು, ಮುಂಬಯಿ ಸೆಂಟ್ರಲಿನ ನಾಯರ್ ದಂತ ಕಾಲೇಜು, ಚೆನ್ನೈ ಮತ್ತು ಹೈದರಾಬಾದುಗಳ ಸರ್ಕಾರಿ ದಂತ ಕಾಲೇಜುಗಳು, ದೆಹಲಿಯ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ ಇವು ನಮ್ಮ ತೆರಿಗೆಯಿಂದ ನಡೆಯುವ ಸಂಸ್ಥೆಗಳು. ಸರದಿ ಉದ್ದವಿರಬಹುದು, ಅಲ್ಲಿಗೆ ಹೋಗುವುದು ಮಾತ್ರ ಅವಮಾನವಲ್ಲ.

ಆ ಪುಡಿ ಯಾವುದು?

ಅಹಿಂಸಾಧರ್ಮೀಯರು ಕೇಳಲೇಬೇಕಾದ, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರದ ಪ್ರಶ್ನೆಯೊಂದಿದೆ. ದವಡೆಯ ಮೂಳೆ ತೆಳುವಾಗಿದ್ದರೆ ಇಂಪ್ಲಾಂಟಿಗೆ ಮುನ್ನ ಮೂಳೆ ಕಸಿ ಮಾಡುತ್ತಾರೆ. ಅದಕ್ಕೆ ಬಳಸುವ ಬಿಳಿಯ ಪುಡಿ ಅನೇಕ ವೇಳೆ ದನದ ಮೂಳೆಯಿಂದ ಸಂಸ್ಕರಿಸಿದ್ದು. ಮೇಲೆ ಹೊದಿಸುವ ಪೊರೆ ಹಂದಿ ಅಥವಾ ದನದ ಕೊಲಾಜನ್ನಿನದು. ಲಿಂಬೆಹಣ್ಣಿನ ಗಾತ್ರದ ಗಡ್ಡೆಯನ್ನೂ ಮುಟ್ಟದ ಶ್ರಾವಕಿಯ ದವಡೆಯೊಳಗೆ ಅವಳಿಗೆ ತಿಳಿಯದಂತೆ ಇದು ಸೇರಿಹೋಗುತ್ತದೆ. ವೈದ್ಯರು ದುರುದ್ದೇಶದಿಂದ ಮುಚ್ಚಿಟ್ಟರೆಂದಲ್ಲ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಬದಲಿಗಳಿವೆ. ರೋಗಿಯ ಸ್ವಂತ ಮೂಳೆಯನ್ನೇ ಬೇರೆಡೆಯಿಂದ ತೆಗೆದು ಬಳಸಬಹುದು; ಅದಕ್ಕೆ ಇನ್ನೊಂದು ಗಾಯವಾಗುತ್ತದೆ. ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ಗಳಂಥ ಕೃತಕ ಖನಿಜ ಪದಾರ್ಥಗಳೂ ದೊರೆಯುತ್ತವೆ. ಎಲ್ಲ ಸಂದರ್ಭಕ್ಕೂ ಅವು ಸಮನಾಗಲಾರವು; ಆಯ್ಕೆಯ ಗುಣದೋಷಗಳನ್ನು ವೈದ್ಯರು ವಿವರಿಸಬೇಕು, ನಿರ್ಧಾರ ರೋಗಿಯದಾಗಬೇಕು. ಕಸಿಯ ಅಗತ್ಯವೇ ಇಲ್ಲದವರೂ ಬಹಳ ಮಂದಿ. ಟೈಟೇನಿಯಂ ಮೂಳೆಯೊಡನೆ ಬೆಸೆಯುವುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಕಂಡದ್ದು 1950ರ ದಶಕದಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗದಲ್ಲಿ. ಮನುಷ್ಯರಿಗೆ ಅಳವಡಿಸಿದ್ದು 1965ರಲ್ಲಿ. ಆಧುನಿಕ ವೈದ್ಯವನ್ನು ಪೂರ್ಣ ನಿರ್ದೋಷವೆಂದು ಹೇಳಲಾಗದು. ಆದರೆ ನಮ್ಮ ಕೈಯಲ್ಲಿರುವ ಆಯ್ಕೆಯನ್ನಾದರೂ ಎಚ್ಚರದಿಂದ ಮಾಡಬಹುದು. 9ನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆ ಸಾಧ್ಯವೆಂದು ತೋರಿಸಲು ಕಲ್ಯಾಣಕಾರಕವನ್ನು ರಚಿಸಿದರು. ಆ ಪರಂಪರೆಯ ವಾರಸುದಾರರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ "ಈ ಪುಡಿ ಯಾವುದರದ್ದು" ಎಂದು ಕೇಳುವುದು ಹೆಚ್ಚಿನ ಮಾತಲ್ಲ.

ಔಷಧದಾನದ ಲೆಕ್ಕ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಈ ನಾಲ್ಕು ದಾನಗಳು ನಮ್ಮ ಪರಂಪರೆಯ ಹೆಗ್ಗುರುತು. ಶ್ರವಣಬೆಳಗೊಳದ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಈ ನಾಲ್ಕೂ ಮತ್ತೆ ಮತ್ತೆ ಬರುತ್ತವೆ. ಇಂದು ನಮ್ಮ ಸಮಾಜದ ಲೆಕ್ಕಪುಸ್ತಕಗಳಲ್ಲಿ ಆಹಾರದಾನ ವಾತ್ಸಲ್ಯ ಭೋಜನವಾಗಿದೆ, ಶಾಸ್ತ್ರದಾನ ಗ್ರಂಥ ಬಿಡುಗಡೆಯಾಗಿದೆ. ಭೈಷಜ್ಯದಾನ ವರ್ಷಕ್ಕೊಮ್ಮೆ ನಡೆಯುವ ರಕ್ತದೊತ್ತಡ ತಪಾಸಣೆಯ ಶಿಬಿರಕ್ಕೆ ಇಳಿದಿದೆ. ಅತ್ತ ಪಂಚಕಲ್ಯಾಣದಲ್ಲಿ ಇಂದ್ರ ಇಂದ್ರಾಣಿಯರ ಸ್ಥಾನಕ್ಕೆ, ಅಭಿಷೇಕದ ಕಲಶಕ್ಕೆ ಸವಾಲು ಕೂಗಿದಾಗ ಲಕ್ಷಗಳು ನಿಮಿಷಗಳಲ್ಲಿ ಏರುತ್ತವೆ. ಆ ಭಕ್ತಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆ ಮೊತ್ತದ ಹತ್ತರಲ್ಲೊಂದು ಪಾಲನ್ನು ಔಷಧದಾನಕ್ಕೆ ಮೀಸಲಿಡಬೇಕೆಂದು ಪ್ರತಿ ಸಮಾಜವೂ ತನ್ನ ವಾರ್ಷಿಕ ಸಭೆಯಲ್ಲಿ ಠರಾವು ಮಾಡಲೆಂಬುದಷ್ಟೇ ನನ್ನ ಕೋರಿಕೆ.

ಆ ನಿಧಿಯ ನಡಾವಳಿ ಹೀಗಿರಬಹುದು. ಮೊದಲ ಆದ್ಯತೆ ಇರುವ ಹಲ್ಲನ್ನು ಉಳಿಸಲು. ಎರಡನೆಯದು ಹಲ್ಲಿನ ಸೆಟ್ಟಿಗೆ. ಮೂರನೆಯದು, ಸೆಟ್ಟು ನಿಲ್ಲದವರಿಗೆ ಎರಡು ಇಂಪ್ಲಾಂಟಿಗೆ. ಹಣ ನೇರವಾಗಿ ಆಸ್ಪತ್ರೆಗೆ ಹೋಗಲಿ. ಪಡೆದವರ ಹೆಸರು ಫಲಕದ ಮೇಲೂ ಬೇಡ, ವಾಟ್ಸಾಪ್ ಗುಂಪಿನಲ್ಲೂ ಬೇಡ. ಸಿರಿವಂತ ಸಮುದಾಯವೆಂಬ ಬಿರುದು ಹೊತ್ತಿರುವ ನಮ್ಮಲ್ಲಿ ಕೈಚಾಚುವುದು ದುಪ್ಪಟ್ಟು ಕಷ್ಟ. ಗುಪ್ತದಾನವನ್ನು ಕೊಡಲು ಬಲ್ಲೆವು. ಗುಪ್ತವಾಗಿ ಪಡೆಯುವ ದಾರಿಯನ್ನೂ ತೆರೆದಿಡಬೇಕು.

ಇನ್ನೊಂದು ದಾರಿ ಗುಂಪು ವಿಮೆ. ವಿಮೆಗಾಗಿಯೇ ಕಟ್ಟಿಕೊಂಡ ಗುಂಪಿಗೆ ನಿಯಮದಲ್ಲಿ ಅವಕಾಶವಿಲ್ಲ. ಆದರೆ ಬೇರೆ ಉದ್ದೇಶಕ್ಕೆ ಸ್ಥಾಪಿತವಾಗಿ ನಡೆದುಬಂದ ಸಂಘ ತನ್ನ ಸದಸ್ಯರಿಗಾಗಿ ಗುಂಪು ಪಾಲಿಸಿ ಪಡೆಯಬಹುದು. ಹಲ್ಲು ಕೆಟ್ಟವರಷ್ಟೇ ಸೇರುತ್ತಾರೆಂಬ ಕಂಪನಿಗಳ ಭಯಕ್ಕೆ ಇದೇ ಉತ್ತರ. ಸಮಾಜದ ತರುಣರೂ ಹಿರಿಯರೂ ಒಟ್ಟಿಗೆ ಸೇರಿದರೆ ಅಪಾಯ ಹಂಚಿಹೋಗುತ್ತದೆ. ತರುಣರು ಏಕೆ ಸೇರಬೇಕೆಂದರೆ, ಪರಸ್ಪರೋಪಗ್ರಹ ಎಂಬುದನ್ನು ಲಾಂಛನದಲ್ಲಿ ಬರೆಸಿಕೊಂಡ ಸಮುದಾಯ ಅದನ್ನು ಕಂತಿನ ರೂಪದಲ್ಲೂ ಕಾಣಿಸಬೇಕಾದ್ದರಿಂದ.

ಸರ್ಕಾರದ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿಯನ್ನು ತೆಗೆದುಹಾಕಿದ್ದು ಸ್ವಾಗತಾರ್ಹ. ಆದರೆ ಕಂತಿನ ತೆರಿಗೆ ಇಳಿದ ಮಾತ್ರಕ್ಕೆ ಹಲ್ಲು ಪಾಲಿಸಿಯೊಳಗೆ ಬರಲಿಲ್ಲ. ನಮ್ಮ ಒತ್ತಾಯ ಮೂರು. ಅಗಿಯುವ ಶಕ್ತಿಯನ್ನು ಮರಳಿಸುವ ಇಂಪ್ಲಾಂಟನ್ನು ಸೌಂದರ್ಯ ಚಿಕಿತ್ಸೆಯಿಂದ ಬೇರ್ಪಡಿಸಿ, ಕಣ್ಣಿನ ಪೊರೆಯ ಮಾದರಿಯಲ್ಲಿ ಕಾಯುವ ಅವಧಿ ಮತ್ತು ಮಿತಿಯೊಡನೆ ವಿಮೆಯೊಳಗೆ ತರಬೇಕು. ಹೃದಯದ ಸ್ಟೆಂಟಿಗೂ ಮೊಣಕಾಲಿನ ಇಂಪ್ಲಾಂಟಿಗೂ 2017ರಲ್ಲಿ ಗರಿಷ್ಠ ಬೆಲೆ ಗೊತ್ತುಪಡಿಸಿದಂತೆ ದಂತ ಇಂಪ್ಲಾಂಟಿನ ಬೆಲೆಯನ್ನೂ ಪರಿಶೀಲಿಸಬೇಕು. ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ನೀಡಲು ಕರ್ನಾಟಕ ರೂಪಿಸಿದ ದಂತ ಭಾಗ್ಯದಂಥ ಯೋಜನೆಯನ್ನು ನಾವು ನೆಲೆಸಿರುವ ರಾಜ್ಯಗಳೂ ಕೈಗೊಳ್ಳಬೇಕು. ಮತ ಕೇಳಲು ನಮ್ಮ ವೇದಿಕೆಗೆ ಬಂದು ಹಾರ ಹಾಕಿಸಿಕೊಳ್ಳುವ ನಾಯಕರಿಗೆ ಕಲಶದ ಮೊದಲ ಸರದಿ ಕೊಡುವ ನಾವು, ಈ ಮೂರು ಮಾತನ್ನೂ ಒಂದು ಹಾಳೆಯ ಮೇಲೆ ಬರೆದು ಕೈಗಿಡಬಹುದಲ್ಲವೇ?

ಸ್ಪಷ್ಟ ಷರತ್ತಿನ ಮೇಲೆ ನಿರಾಕರಿಸಿದ ಕ್ಲೇಮಿಗೆ ವಿಮಾ ಒಂಬಡ್ಸ್‌ಮನ್ ಬಳಿ ಹೋದರೂ ಫಲವಿರದು. ಆದರೆ ಅಪಘಾತದ ಗಾಯವನ್ನು ರೋಗವೆಂದು ತಿರುಚಿದ್ದರೆ, ಹೊರರೋಗಿ ಪಾಲಿಸಿಯಲ್ಲಿ ಇದೆಯೆಂದು ಬರೆದದ್ದನ್ನು ಇಲ್ಲವೆಂದಿದ್ದರೆ ಅಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು. ಅಂತಿಮ ನಿರಾಕರಣೆಯಾದ ಒಂದು ವರ್ಷದೊಳಗೆ ಹೋಗಬೇಕು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಎಲ್ಲೆಡೆಯೂ ಈ ಕಚೇರಿಗಳಿವೆ.

ಭಾವನವರ 96,000 ರೂಪಾಯಿ ಮರಳಿ ಬರುವುದಿಲ್ಲ. ಅದು ಮೊಮ್ಮಗಳ ಹೆಸರಿನ ಠೇವಣಿಯಿಂದ ತೆಗೆದ ಹಣವೆಂದು ಇತ್ತೀಚೆಗೆ ತಿಳಿಯಿತು. ಕಳೆದ ತಿಂಗಳು ಸಮಾಜದ ವಾತ್ಸಲ್ಯ ಭೋಜನಕ್ಕೆ ಅವರು ಮತ್ತೆ ಬಂದರು. ಸಾರಿನಲ್ಲಿ ನೆನೆಸದೆ ರೊಟ್ಟಿ ತಿಂದರು, ಹೆಸರುಕಾಳಿನ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡರು. ಅದೇ ಪಂಕ್ತಿಯಲ್ಲಿ ಅವರ ವಯಸ್ಸಿನವರೇ ಇನ್ನಿಬ್ಬರು ಅನ್ನಕ್ಕೆ ಮಜ್ಜಿಗೆ ಕಲಸಿ ಮೆಲ್ಲಗೆ ನುಂಗುತ್ತಿದ್ದರು. ತೆಗೆಯಲು ಠೇವಣಿ ಅವರಲ್ಲಿದೆಯೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳುವವರಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ಠರಾವು ಮಂಡಿಸುವುದು ಅಂಥವರಿಗಾಗಿ.